ಆ ಮನೆಯ ನೀರು ಕುಡಿದ ಮೇಲೆ

ಹಿರೇಗುತ್ತಿಯ ವೆಂಕಟ್ರಮಣ ನಾಯಕರು, ಯಾರ ಮೇಲೆ ಸುದ್ದಿ ಬರೆಯಬೇಕೋ ಅವರ ಮನೆಗೆ ಮೊದಲು ಹೋಗಿ, ಜಗಲಿಯ ಮೇಲೆ ಕುಳಿತು, ಕೊಟ್ಟ ಬೆಲ್ಲ ಕಚ್ಚಿ ನೀರು ಕುಡಿಯದೆ ಒಂದಕ್ಷರವನ್ನೂ ಬರೆಯುವುದಿಲ್ಲ. ಜಿಲ್ಲಾ ಪತ್ರಿಕೆಯೊಂದಕ್ಕೆ ಮೂವತ್ತು ವರ್ಷಗಳಿಂದ ಕುಮಟಾ, ಹೊನ್ನಾವರದ ವರ್ತಮಾನ ಕಳಿಸುತ್ತಿರುವ ಈ ಸಜ್ಜನರು ನಡೆಯುವಾಗ ಎಡಭುಜ ತುಸು ವಾಲಿರುತ್ತದೆ. ಆ ಹೆಗಲಿನ ಚೀಲದಲ್ಲಿ ವಿಚಾರಣೆ ಮುಗಿಯದ ದೂರುಗಳ ಕಟ್ಟು ಇರುತ್ತದೆ. ಮಳೆಗಾಲದಲ್ಲಿ ಕೊಡೆ ಹಿಡಿಯುವುದು ಚೀಲಕ್ಕೆ, ತಲೆಗಲ್ಲ. ಯಾರು ಎಷ್ಟು ಅವಸರಪಡಿಸಿದರೂ "ಆತು, ನೋಡ್ವ" ಎಂದಷ್ಟೇ ಹೇಳುತ್ತಾರೆ.

ಎಲ್ಲರೂ ಹಾಕಿದ ಸುದ್ದಿ ನಮ್ಮಲ್ಲೇ ಇಲ್ಲವೆಂದು ಕಚೇರಿಯವರು ಫೋನಿನಲ್ಲಿ ಬಯ್ಯುತ್ತಾರೆ. ಓದುಗರಿಗೆ ತಿಳಿಯುವ ಹಕ್ಕಿಲ್ಲವೇ ಎಂದು ಅವರ ಸ್ನೇಹಿತನಾದ ನಾನೂ ಒಮ್ಮೆ ಕೆಣಕಿದ್ದೆ. ಆಗ ಅವರು ಅಘನಾಶಿನಿಯ ಅಂಗನವಾಡಿ ಶಿಕ್ಷಕಿ ಮಾದೇವಿಯ ಕಥೆ ಹೇಳಿದರು. ಹಿತ್ತಲಿನ ಜಗಳದ ಸಿಟ್ಟಿನಲ್ಲಿ ನೆರೆಮನೆಯ ಸಣ್ಣಿ, ತನ್ನ ಮೊಮ್ಮಗನಿಗೆ ಮಾದೇವಿ ಹೊಡೆದಳೆಂದು ಇಲಾಖೆಗೆ ದೂರು ಕೊಟ್ಟಿದ್ದಳು. ವಿಚಾರಣೆ ಶುರುವಾಗುವ ಮೊದಲೇ ನಾಯಕರು ದೂರಿನ ಪ್ರತಿ ನೋಡಿ ಬರೆದುಬಿಟ್ಟರು. ಮರುದಿನದಿಂದ ತಾಯಂದಿರು ಮಕ್ಕಳನ್ನು ಕಳಿಸಲಿಲ್ಲ. ಎರಡು ತಿಂಗಳ ಮೇಲೆ, ಮಗು ಮೆಟ್ಟಿಲಿನಿಂದ ಬಿದ್ದದ್ದೆಂದು ವಿಚಾರಣೆಯಲ್ಲಿ ತಿಳಿಯಿತು. ಅವಳ ತಪ್ಪಿಲ್ಲವೆಂಬ ಸುದ್ದಿ ಅಚ್ಚಾದ ಪತ್ರಿಕೆ ಹಿಡಿದು ನಾಯಕರು ಅವಳ ಮನೆಗೆ ಹೋದರೆ, ಮಾದೇವಿ ಬೆಲ್ಲ ನೀರು ತಂದಿಟ್ಟು ಹೇಳಿದ್ದು ಇಷ್ಟು:

"ಬರೆಯೂಕೆ ಮೊದ್ಲೇ ಒಂದ್ಸಲ ಬಂದಿದ್ರೆ ಆತಿತ್ತು, ನಾಯಕ್ರೇ. ಆಗೂ ನೀರು ಕೊಡ್ತಿದ್ದೆ."

ಇದನ್ನು ನನಗೆ ಹೇಳುವಾಗ ಅವರ ಕಣ್ಣು ತುಂಬಿತ್ತು.

ಅವರ ಬೆಲೆ ನನಗೆ ನಿಜಕ್ಕೂ ಗೊತ್ತಾದದ್ದು ಹೋದ ವರ್ಷ, ನಾನೇ ಸುದ್ದಿಯಾದಾಗ. ಹೊನ್ನಾವರದಲ್ಲಿ ನಮ್ಮ ಹಿತ್ತಲಿಗೆ ಬೇಲಿ ಹಾಕಿಸಿದೆ. ತಾವು ಬಾವಿಗೆ ಹೋಗುವ ದಾರಿ ಮುಚ್ಚಿತೆಂದು ಪಕ್ಕದ ಮನೆಯ ಜಯಂತಿ ತಹಶೀಲ್ದಾರರಿಗೆ ದೂರು ಕೊಟ್ಟರು. ಸರ್ವೆಯ ದಿನ ಗೊತ್ತಾಗುವ ಮುನ್ನವೇ ಎರಡು ಪತ್ರಿಕೆಗಳು 'ಉಪನ್ಯಾಸಕನ ದಬ್ಬಾಳಿಕೆ' ಎಂದು ಬರೆದವು. ನಾನು ಪಾಠ ಮಾಡುವ ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ನಾಯಕರು ಬಸ್ಸು ಹಿಡಿದು ಬಂದರು. ಜಯಂತಿಯವರಲ್ಲೊಂದು ತಂಬಿಗೆ, ನಮ್ಮಲ್ಲೊಂದು ತಂಬಿಗೆ ನೀರು ಕುಡಿದು, ಏನೂ ಬರೆಯದೆ ಹೋದರು. ಸ್ನೇಹಿತರೆಂದರೆ ಹೀಗಿರಬೇಕೆಂದು ನಾನು ಮನೆಯಲ್ಲಿ ಕೊಚ್ಚಿಕೊಂಡೆ.

ತಿಂಗಳ ಮೇಲೆ ಸರ್ವೆಯಾಯಿತು. ದಾರಿ ಜಯಂತಿಯವರದೇ ಎಂದು ತೀರ್ಮಾನವೂ ಆಯಿತು. ಅಂದು ಸಂಜೆ ನಾಯಕರು ಮತ್ತೆ ನಮ್ಮ ಜಗಲಿಯಲ್ಲಿದ್ದರು. ಬೆಲ್ಲ ಕಚ್ಚಿ, ನೀರು ಕುಡಿದು, ತಂಬಿಗೆಯನ್ನು ಮೆಲ್ಲನೆ ಕೆಳಗಿಟ್ಟರು.

"ನಾಳೆ ಪೇಪರಲ್ಲಿ ಬತ್ತದೆ. ನಿಮ್ಮ ಹೆಸ್ರೂ ಹಾಕ್ತೆ. ಬೇಲಿ ತೆಗೆಸೂದಾದ್ರೆ ಅದನ್ನೂ ಬರೀತೆ. ಎಂತ ಹೇಳ್ತ್ರಿ?"

ಸಿಟ್ಟು ಬಂತು, ಅದರ ಹಿಂದೆಯೇ ನಾಚಿಕೆಯೂ ಬಂತು. ಬೇಲಿ ತೆಗೆಸಿದೆ. ಮರುದಿನದ ಆರು ಸಾಲಿನ ಸುದ್ದಿಯಲ್ಲಿ ನನ್ನ ತಪ್ಪೂ ಇತ್ತು, ತೆಗೆದ ಬೇಲಿಯೂ ಇತ್ತು. ಮೊದಲು ಬರೆದ ಎರಡು ಪತ್ರಿಕೆಗಳು ಅಷ್ಟರಲ್ಲಿ ನನ್ನನ್ನು ಮರೆತೇಬಿಟ್ಟಿದ್ದವು.

ಸಣ್ಣ ಊರಿನಲ್ಲಿ ಬರೆದವನೂ ಬರೆಸಿಕೊಂಡವನೂ ನಾಳೆ ಅದೇ ಬಸ್ಸು ಹತ್ತಬೇಕು, ಅದೇ ಮೀನುಪೇಟೆಯಲ್ಲಿ ಎದುರಾಗಬೇಕು. ಇದನ್ನು ಮರೆಯದ ಜನ ಸುದ್ದಿಯ ಓಟದಲ್ಲಿ ಸದಾ ಹಿಂದೆ ಬೀಳುತ್ತಾರೆ, ದೊಡ್ಡವರಿಂದ ಬೈಸಿಕೊಳ್ಳುತ್ತಾರೆ. ಆದರೆ ಅವರು ಯಾರ ತಪ್ಪನ್ನು ಬರೆದರೋ ಆ ಮನೆಯಲ್ಲಿಯೂ ಅವರಿಗೆ ಬೆಲ್ಲ ನೀರು ಸಿಗುತ್ತದೆ. ನಮ್ಮ ಮನೆಯಲ್ಲಿ ಈಗಲೂ ಸಿಗುತ್ತದೆ.