ಕ್ವಿನ್ಸಿ ಕಾನೂನು ಮತ್ತು ಇನ್ನೊಬ್ಬ ಯುವಕ

ಸತ್ತ ಮಗನ ವಿಷಯದಲ್ಲೂ ಹೊಟ್ಟೆಕಿಚ್ಚು ಪಡುವವರಿದ್ದಾರೆಯೇ ಎಂದು ಯಾರಾದರೂ ಕೇಳಿದ್ದರೆ, "ಇದ್ದಾರೆ, ಬಂದು ನನ್ನ ಹೊಟ್ಟೆ ಮುಟ್ಟಿ ನೋಡಿ, ಕೈ ಸುಟ್ಟುಹೋಗತ್ತೆ" ಎಂದು ಅರ್ನೆಸ್ಟೀನ್ ಬ್ಲೆಡ್ಸೋ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು. ಆದರೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಸ್ಟಾಕ್ಟನ್ ಊರಿನಲ್ಲಿ ಕೇಳುವವರೆಲ್ಲ ರೋಸಲಿಂಡ್ ಪೆಟ್‌ವೇಯನ್ನೇ ಕೇಳುತ್ತಿದ್ದರು.

ಸತ್ತದ್ದು ಇಬ್ಬರ ಮಕ್ಕಳೂ. ಒಂದೇ ಸಂಜೆ, ರೋಸಲಿಂಡಳ ಮನೆಯ ಮೆಟ್ಟಿಲ ಮೇಲೆ, ಒಂದೇ ಪಿಸ್ತೂಲಿಗೆ. ಸುಟ್ಟ ಮಾಂಸ ತಿನ್ನುತ್ತ ಕೂತಿದ್ದ ಹುಡುಗರ ಮುಂದೆ ಕಾರೊಂದು ನಿಧಾನವಾಗಿ ಹಾದುಹೋಯಿತು. ಅದರೊಳಗಿಂದ ಬೇರೆ ಯಾರಿಗೋ ಗುರಿಯಿಟ್ಟ ಗುಂಡು ಇವರಿಗೆ ತಗುಲಿತು. ರೋಸಲಿಂಡಳ ಮಗ ಕ್ವಿನ್ಸಿ, ಶಾಲೆಯ ಬ್ಯಾಂಡಿನಲ್ಲಿ ಟ್ರೊಂಬೋನ್ ಊದುತ್ತಿದ್ದವನು. ಸಮವಸ್ತ್ರದಲ್ಲಿ ನಗುತ್ತಿರುವ ಅವನ ಫೋಟೋ ನೋಡಿದರೆ ಕಲ್ಲೂ ಕರಗಬೇಕು. ಅರ್ನೆಸ್ಟೀನಳ ಮಗ ಲವೆಲ್, ಒಮ್ಮೆ ಕದ್ದ ಕಾರಿನಲ್ಲಿ ಕೂತು ಸಿಕ್ಕಿಬಿದ್ದವನು. ಪತ್ರಿಕೆಯವರಿಗೆ ಸಿಕ್ಕಿದ್ದು ಪೊಲೀಸರು ತೆಗೆದ ಫೋಟೋ ಮಾತ್ರ. ಅದನ್ನು ಅವರು ಹಾಕಲಿಲ್ಲ, ಹೆಸರನ್ನೂ ಹಾಕಲಿಲ್ಲ. 'ಕ್ವಿನ್ಸಿ ಪೆಟ್‌ವೇ ಹಾಗೂ ಇನ್ನೊಬ್ಬ ಯುವಕ' ಎಂದು ಬರೆದು ಕೈತೊಳೆದುಕೊಂಡರು. ಹೆತ್ತು ಹೊತ್ತು ಸಾಕಿದ್ದು 'ಇನ್ನೊಬ್ಬ'ನಾಗಲಿಕ್ಕೆ!

ಅಲ್ಲಿಂದ ಶುರುವಾಯಿತು. ಚರ್ಚಿನ ಹೆಂಗಸರು ಮಾಡಿ ತಂದ ಊಟವೆಲ್ಲ ಮೊದಲು ರೋಸಲಿಂಡಳ ಬಾಗಿಲಿಗೆ ಹೋಗುತ್ತಿತ್ತು, ಮಿಕ್ಕಿದ್ದು ಇವಳ ಬಾಗಿಲಿಗೆ. ಆಮೇಲೆ ಊರಿನ ಶಾಸಕರು ಒಂದು ಮಸೂದೆ ತಂದರು. ಪಿಸ್ತೂಲಿನ ಗುಂಡು ಬೇಕಾದವರು ಖುದ್ದಾಗಿ ಅಂಗಡಿಗೆ ಬರಬೇಕು, ಗುರುತಿನ ಚೀಟಿ ತೋರಿಸಬೇಕು, ಹೆಬ್ಬೆಟ್ಟು ಒತ್ತಬೇಕು. ಅಂಚೆಯಲ್ಲಿ ತರಿಸಿಕೊಳ್ಳುವ ಹಾಗಿಲ್ಲ. ಸತ್ತ ಮಗುವಿನ ಹೆಸರಿಟ್ಟ ಮಸೂದೆಗೆ ಬೇಡ ಎನ್ನಲು ಯಾರಿಗೂ ನಾಲಗೆ ಏಳುವುದಿಲ್ಲ. ಆದ್ದರಿಂದ ಅದಕ್ಕೆ 'ಕ್ವಿನ್ಸಿ ಕಾನೂನು' ಎಂದು ಹೆಸರಾಯಿತು.

ಲವೆಲ್‌ನ ಹೆಸರು ಯಾಕಿಲ್ಲ ಎಂದು ಅರ್ನೆಸ್ಟೀನ್ ಶಾಸಕರ ಕಚೇರಿಗೇ ಹೋಗಿ ಕೇಳಿದಳು. ಅಲ್ಲಿದ್ದ ಸಹಾಯಕಿ ಬಹಳ ಮೃದುವಾಗಿ ಹೇಳಿದಳು: "ಎರಡು ಹೆಸರು ಹಾಕಿದ್ರೆ ಉದ್ದ ಆಗತ್ತೆ ಅಮ್ಮಾ. ಜನರ ಬಾಯಲ್ಲಿ ನಿಲ್ಲಲ್ಲ."

"ನನ್ನ ಬಾಯಲ್ಲಿ ಹತ್ತೊಂಬತ್ತು ವರ್ಷ ನಿಂತಿತ್ತಲ್ಲ" ಎಂದು ಅರ್ನೆಸ್ಟೀನ್ ಎದ್ದು ಬಂದಳು.

ಇಷ್ಟಾದರೂ ಆ ಕಾನೂನು ಬೇಡವೆಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ. ಅವಳು ಔಷಧಿಯಿಂದ ಹಿಡಿದು ಗುಂಡಿನವರೆಗೆ ಎಲ್ಲ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಬಿಲ್ ಹಾಕುವವಳು. ಒಂದು ಬುಧವಾರ ಚರ್ಚಿನ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ರೋಸಲಿಂಡಳಿಗೆ ಅವಳೇ ಹೇಳಿದ್ದಳು: "ನೆಗಡಿ ಮಾತ್ರೇಲಿ ಅಮಲಿನ ಪುಡಿ ಮಾಡ್ತಾರೆ ಅಂತ ಅದನ್ನ ಕೊಡೋಕೆ ಗುರುತಿನ ಚೀಟಿ ಕೇಳ್ಬೇಕು, ಸಹಿ ಹಾಕಿಸ್ಕೋಬೇಕು. ಗುಂಡಿನ ಡಬ್ಬಿ ಮಾತ್ರ ಚಾಕಲೇಟ್ ಥರ ದಾಟಿಸಿಬಿಡ್ತೀನಿ. ಮೂಗು ಸೋರೋನಿಗಿಂತ ಗುಂಡು ಹೊಡೆಯೋನೇ ವಾಸಿ ಅಂತಾಯ್ತಲ್ಲ."

ಮುಂದಿನ ಭಾನುವಾರ ರೋಸಲಿಂಡ್ ನೇರಳೆ ಟೋಪಿ ಹಾಕಿಕೊಂಡು, ಚರ್ಚಿನ ಎದುರು ನಿಂತು ಅದೇ ಮಾತು ಹೇಳಿದಳು. ಎಲ್ಲಿ ಕೇಳಿದೆ, ಯಾರಿಂದ ಕೇಳಿದೆ, ಒಂದಕ್ಷರವಿಲ್ಲ. ಜನ ಎದ್ದು ಚಪ್ಪಾಳೆ ಹೊಡೆದರು. ಅವಳ ಕಂಠವೂ ಹಾಗೇ ಇತ್ತು ಬಿಡಿ. ಚಿಕ್ಕಂದಿನಿಂದ ಚರ್ಚಿನ ಹಾಡುವವರ ಸಾಲಿನಲ್ಲಿ ಒಂಟಿ ಹಾಡು ಅವಳದು. ಹಿಂದೆ ನಿಂತು ಹೂಂಗುಟ್ಟುವುದು ಅರ್ನೆಸ್ಟೀನಳದು. 'ಮಾತೂ ಇವಳ ಪಾಲು, ಸತ್ತ ಮಗನ ಹೆಸರೂ ಇವಳ ಪಾಲು. ನನಗೆ ಉಳಿದದ್ದು ತೊಳೆಯೋ ತಟ್ಟೆ' ಎಂದುಕೊಂಡು ಅರ್ನೆಸ್ಟೀನ್ ಚಪ್ಪಾಳೆ ತಟ್ಟದೆ ಕೂತಳು.

ಹೊಟ್ಟೆ ಉರಿಯುವ ಮನೆಯನ್ನು ಹುಡುಕಿಕೊಂಡು ಗಾಳಿ ಬರುತ್ತದೆ. ಆ ಗಾಳಿಯ ಹೆಸರು ಲೈಲ್ ಗುಸ್ಟಾಫ್ಸನ್. ಊರಾಚೆ ಬಂದೂಕಿನ ಅಂಗಡಿ ಇಟ್ಟವನು. ಕೆಟ್ಟವನಲ್ಲ, ಲವೆಲ್ ಸತ್ತಾಗ ಹೂ ಕಳಿಸಿದ್ದ. ಒಂದು ದಿನ ಹಾಲು, ಬ್ರೆಡ್ಡು ಹಿಡಿದು ಅವಳ ಸಾಲಿಗೇ ಬಂದು ನಿಂತ.

"ಬ್ಲೆಡ್ಸೋ ಅಮ್ಮಾ, ನಿಮ್ಮ ಮಗನಿಗೆ ಬಿದ್ದ ಗುಂಡು ಅಂಗಡೀಲಿ ಕೊಂಡಿದ್ದಲ್ಲ, ಕದ್ದಿದ್ದು. ಕಳ್ಳ ಯಾವತ್ತಾದ್ರೂ ಹೆಬ್ಬೆಟ್ಟು ಒತ್ತಕ್ಕೆ ಬರ್ತಾನಾ? ಒತ್ತೋನು ಬೆಟ್ಟದ ಮೇಲಿರೋ ಬಡ ರೈತ. ಅಂಗಡಿಗೆ ಬರೋಕೆ ಅವನಿಗೆ ಅರ್ಧ ದಿನ ಬೇಕು, ಅಂಚೇನೂ ನಿಲ್ಲಿಸಿದ್ರೆ ಏನ್ ಮಾಡ್ಬೇಕು?"

"ಅದನ್ನ ನನಗ್ಯಾಕೆ ಹೇಳ್ತೀರಾ? ಶಾಸನಸಭೇಲಿ ಹೇಳಿ."

"ನೀವು ಹೇಳಿದ್ರೆ ಕೇಳ್ತಾರೆ. ಮಸೂದೆ ವಿಚಾರಣೆ ದಿನ ಸಮಿತಿ ಮುಂದೆ ಪರ ಇಬ್ರು, ವಿರೋಧ ಇಬ್ರು ಮೇಜಿನ ಹತ್ರ ಕೂತು ಎರಡೆರಡು ನಿಮಿಷ ಮಾತಾಡಬಹುದು. ಉಳಿದೋರೆಲ್ಲ ಸಾಲಲ್ಲಿ ನಿಂತು ಹೆಸರು, ಊರು, ಬೇಕು ಇಲ್ಲಾ ಬೇಡ ಅಂತ ಹೇಳ್ಬೇಕು. ಅಷ್ಟೇ. ನಮ್ಮ ಕಡೆ ಒಂದು ಕುರ್ಚಿ ಖಾಲಿ ಇದೆ."

ಅರ್ನೆಸ್ಟೀನ್ ಹಾಲಿನ ಡಬ್ಬ ಕೈಯಲ್ಲೇ ಹಿಡಿದು ನಿಂತಳು. ರೋಸಲಿಂಡಳಿಗೆ ಕುರ್ಚಿ ಇದೆ ಎಂದು ಅವಳಿಗೆ ಗೊತ್ತಿತ್ತು. ತನಗಿದ್ದದ್ದು ಕ್ವಿನ್ಸಿಯ ಮುಖ ಅಚ್ಚಾದ ಅಂಗಿ ತೊಟ್ಟು ಸಾಲಿನಲ್ಲಿ ನಿಲ್ಲುವ ಭಾಗ್ಯ.

"ನನ್ನ ಮಗನ ಹೆಸರು ಹೇಳಬಹುದಾ?" ಎಂದು ಕೇಳಿದಳು.

"ಎಷ್ಟು ಸಲ ಬೇಕಾದ್ರೂ" ಎಂದ ಲೈಲ್.

ವಿಚಾರಣೆಯ ದಿನ ಚರ್ಚಿನವರು ಬಸ್ಸಿನಲ್ಲಿ ರಾಜಧಾನಿ ಸ್ಯಾಕ್ರಮೆಂಟೋಗೆ ಹೊರಟರೆ ಅರ್ನೆಸ್ಟೀನ್ ಲೈಲ್‌ನ ಕಾರಿನಲ್ಲಿ ಹೋದಳು. ಸಮಿತಿಯ ಮುಂದೆ ಅವನ ಪಕ್ಕ ಅವಳು ಕೂತಾಗ ಹಿಂದಿನ ಸಾಲಿನಿಂದ ಪಾದ್ರಿಯ ಹೆಂಡತಿಯ ದನಿ ಕೇಳಿಸಿತು: "ಅಯ್ಯೋ ದೇವರೇ, ಇವಳಿಗೇನು ಬಂತು? ಮಗನ್ನ ಕೊಂದ ಗುಂಡಿನ ಪರವಾಗಿ ಕೂತಿದಾಳಲ್ಲ!" ಅರ್ನೆಸ್ಟೀನ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಅವಳು ತಿರುಗಲಿಲ್ಲ.

ರೋಸಲಿಂಡ್ ಮೊದಲು ಮಾತಾಡಿದಳು. ಅವಳ ಮಾತಿನಲ್ಲಿ ಟ್ರೊಂಬೋನ್ ಬಂತು, ನೆಗಡಿ ಮಾತ್ರೆಯೂ ಬಂತು. ಸಮಿತಿಯಲ್ಲಿದ್ದ ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು. ಆಮೇಲೆ ಲೈಲ್ ತನ್ನ ಬೆಟ್ಟದ ರೈತನ ಕಥೆ ಹೇಳಿ, ಮೈಕನ್ನು ಅರ್ನೆಸ್ಟೀನಳತ್ತ ಸರಿಸಿದ.

"ನನ್ನ ಮಗನ ಹೆಸರು ಲವೆಲ್" ಎಂದು ಶುರುಮಾಡಿದಳು. ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. "ಲವೆಲ್‌ಗೆ ಪೀಚ್ ಹಣ್ಣಿನ ಕಡುಬು ಅಂದ್ರೆ ಪ್ರಾಣ. ಮೇಲಿನ ಹಿಟ್ಟು ತಿಂದು ಹಣ್ಣೆಲ್ಲ ನನಗೆ ಬಿಡೋನು, ಕಳ್ಳ. ಅವರಜ್ಜಿ ಕೈ ನಡುಗ್ತಿತ್ತು, ಉಗುರು ಕತ್ತರಿಸೋಕೆ ಲವೆಲ್ ಒಬ್ಬನ್ನೇ ಬಿಡೋರು. ಒಂದ್ಸಲ ತಪ್ಪು ಮಾಡಿದ, ಹೌದು. ವಾಪಸ್ ಬಂದು ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತ. ಅದ್ಯಾವ ಫೋಟೋದಲ್ಲೂ ಇಲ್ಲ..."

"ಗುಂಡಿನ ವಿಷಯ ಹೇಳಿ" ಎಂದು ಲೈಲ್ ಪಿಸುಗುಟ್ಟಿದ.

"ಸುಮ್ನಿರಪ್ಪ" ಎಂದಳು ಮೈಕಿನಲ್ಲೇ. ಸಭೆಯಲ್ಲಿ ಯಾರೋ ನಕ್ಕರು. ಅಷ್ಟರಲ್ಲಿ ಎರಡು ನಿಮಿಷ ಮುಗಿದ ಗಂಟೆ ಹೊಡೆಯಿತು.

ಸಮಿತಿಯ ಅಧ್ಯಕ್ಷ ಕನ್ನಡಕದ ಮೇಲಿಂದ ನೋಡಿದ. "ಅಮ್ಮಾ, ನೀವು ಕೂತಿರೋದು ವಿರೋಧದ ಕಡೆ. ಮಸೂದೆ ಬಗ್ಗೆ ಏನೂ ಹೇಳಲಿಲ್ಲ. ನಿಮ್ಮದು ವಿರೋಧ ತಾನೇ?"

ಅರ್ನೆಸ್ಟೀನ್ ಲೈಲ್‌ನತ್ತ ನೋಡಿದಳು, ರೋಸಲಿಂಡಳ ನೇರಳೆ ಟೋಪಿಯತ್ತ ನೋಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜವನ್ನು ನುಂಗಿಕೊಳ್ಳಲೂ ಆಗಲಿಲ್ಲ.

"ಕಾನೂನು ಬೇಕು ಸ್ವಾಮಿ. ನಿನ್ನೇನೇ ಬೇಕಿತ್ತು. ನನ್ನ ವಿರೋಧ ಇರೋದು ಅದರ ಹೆಸರಿಗೆ."

ಲೈಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸಭೆಯಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷ ತಬ್ಬಿಬ್ಬಾಗಿ, ಮುಂದಿದ್ದ ಕಾಗದ ತಿರುವುತ್ತ, ಇಡೀ ದಿನ ಬಾಯಲ್ಲಿ ತಿರುಗುತ್ತಿದ್ದ ಒಂದೇ ಹೆಸರನ್ನು ಹೇಳಿಬಿಟ್ಟ: "ಧನ್ಯವಾದ ಅಮ್ಮಾ. ನಿಮ್ಮ ಮಗ ಕ್ವಿನ್ಸಿಯನ್ನ ಕಳಕೊಂಡ ದುಃಖದಲ್ಲಿ ನಾವೆಲ್ಲ ಭಾಗಿಗಳು."

ಅರ್ನೆಸ್ಟೀನ್ ಎರಡು ನಿಮಿಷ ಹೇಳಿದ್ದೆಲ್ಲ ನೀರಿಗೆ ಬಿದ್ದಿತ್ತು. ತಿದ್ದಬೇಕೆಂದು ಮೈಕಿನತ್ತ ಬಾಗಿದಳು.

"ಲವೆಲ್!"

ಎದುರು ಕುರ್ಚಿಯಿಂದ ರೋಸಲಿಂಡ್ ಎದ್ದು ನಿಂತಿದ್ದಳು. ಮೈಕು ಬೇಕಾಗಲಿಲ್ಲ. "ಕ್ವಿನ್ಸಿ ನನ್ನ ಮಗ. ಅವಳ ಮಗ ಲವೆಲ್, ಲವೆಲ್ ಬ್ಲೆಡ್ಸೋ! ಇಷ್ಟೊತ್ತು ಅವಳು ಹೇಳಿದ್ದು ಕೇಳಿಸಲಿಲ್ವಾ ನಿಮಗೆ?" ಆ ಕಂಠ ಗೋಡೆಗೆ ಬಡಿದು ತಿರುಗಿ ಬಂತು. ಹಿಂದಿನ ಸಾಲಿನವರು ಹೊರಳಿ ನೋಡಿದರು.

ನನ್ನ ಮಗನ ಹೆಸರನ್ನೂ ಇವಳೇ ನನಗಿಂತ ಚೆನ್ನಾಗಿ ಹೇಳಿದಳಲ್ಲ ಎಂದು ಅರ್ನೆಸ್ಟೀನಳ ಹೊಟ್ಟೆ ಭಗ್ಗೆಂದಿತು. ಆ ಉರಿ ಆರಲಿಲ್ಲ, ಆರುವುದೂ ಇಲ್ಲ. ಅಧ್ಯಕ್ಷ ಸುತ್ತಿಗೆ ಕುಟ್ಟುತ್ತಿದ್ದ. ಅವಳು ಮೇಜಿನಾಚೆಗೆ ಬಾಗಿ ರೋಸಲಿಂಡಳ ತೋಳು ಹಿಡಿದಳು.

"ಇನ್ನೊಂದ್ಸಲ ಹೇಳೇ, ರೋಸ್" ಎಂದಳು. "ನನ್ನ ಕೈಲಿ ಅಷ್ಟು ಜೋರಾಗಿ ಆಗಲ್ಲ."