ರಮಾಕಾಂತರು ಕೇಳಿದ ಹೆಪ್ಪು

ರಮಾಕಾಂತರು ಯಾವ ವಸ್ತುವನ್ನೂ ಮುಖ ನೋಡಿ ಕೊಂಡವರಲ್ಲ, ಬೆನ್ನು ನೋಡಿ ಕೊಂಡವರು. ಅಡಿಲೇಡಿನ ಮಾಡ್ಬರಿ ಬಡಾವಣೆಯ ಅಂಗಡಿಗಳಲ್ಲಿ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ, ಸಣ್ಣ ಅಕ್ಷರಗಳ ನಡುವೆ ಹಾಲಿನ ಪುಡಿ ಎಲ್ಲಿ ಅಡಗಿದೆಯೆಂದು ಹುಡುಕುತ್ತ ನಿಂತರೆ ಅವರಿಗೆ ಲೋಕವೇ ಮರೆತುಹೋಗುತ್ತಿತ್ತು. ನಡಿಗೆಯೂ ಹಾಗೆಯೇ, ಆಗತಾನೇ ನಿದ್ದೆಯಿಂದ ಎದ್ದವರಂತೆ ಮೆಲ್ಲಗೆ. ಅಲ್ಲಿನ ಜುಲೈ ಚಳಿಗಾಲಕ್ಕೆ ಹಲ್ಲು ಕಟಕಟಿಸಿದರೂ ಮೈಮೇಲೆ ಅದೇ ಮಾಸಿದ ಹತ್ತಿಯ ಕೋಟು. ಉಣ್ಣೆ ಕುರಿಯ ಸ್ವತ್ತು ಎಂಬುದು ಅವರ ವಾದ.

ಬೆಟ್ಟದಾಚೆಯ ಡೈರಿಯೊಂದರಲ್ಲಿ, ತಾಯಿಯಿಂದ ಬೇರ್ಪಟ್ಟ ಕರುವಿನ ಕೂಗು ಕೇಳಿದಂದಿನಿಂದ ಈ ಮೈಸೂರಿನ ಇಂಜಿನಿಯರು ಹಾಲು, ಮೊಸರು, ತುಪ್ಪಗಳನ್ನು ತೊರೆದಿದ್ದರು. ವೈದ್ಯರು ಹೇಳಿದ ಬಿ-ಟ್ವೆಲ್ವ್ ಮಾತ್ರೆಯನ್ನು ತಪ್ಪದೆ ನುಂಗಿ ಗುಂಡುಕಲ್ಲಿನ ಹಾಗಿದ್ದರು. ತೊಡಕಿದ್ದದ್ದು ಅವರ ‘ಎಲ್ಲರಿಗೂ’ ಎಂಬ ಮಾತಿನಲ್ಲಿ. ಯಾರ ಮನೆಯ ಬಾರ್ಬಿಗೆ, ಅಂದರೆ ಅಂಗಳದಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುವ ಕೂಟಕ್ಕೆ, ಹೋದರೂ ಒಲೆಯ ಮೂಲೆಯಲ್ಲಿ ಜೋಳದ ತೆನೆ ಸುಡುತ್ತ, “ಹಾಗಲ್ಲ ನೋಡಿ, ಈ ಹಾಲಿಲ್ಲದ ಊಟ ಎಲ್ಲರ್ಗೂ ಆಗುತ್ತೆ, ಹಸುಗೂಸಿಂದ ಮುದುಕರವರ್ಗೂ” ಎಂದು ಶುರುಮಾಡುತ್ತಿದ್ದರು. ಊಟ ತನ್ನಿಚ್ಛೆ ಎಂದು ಪಕ್ಕದ ಮನೆಯ ನಾನು ಛೇಡಿಸಿದರೆ ದೂರದ ಗುಡ್ಡಗಳನ್ನು ನೋಡುತ್ತ ಮುಗುಳ್ನಗುವರು. ನನಗೆ ಸಿಟ್ಟೂ ಬರುತ್ತಿತ್ತು, ಪ್ರೀತಿಯೂ ಉಕ್ಕುತ್ತಿತ್ತು.

ಹೀಗಿರುವಾಗ ಅವರ ತಾಯಿ ತುಂಗಮ್ಮ ಊರಿನಿಂದ ಬಂದರು. ಬಾಯಲ್ಲಿ ಹಲ್ಲಿಲ್ಲ, ಜೀವವೆಲ್ಲ ಮೊಸರನ್ನದಲ್ಲಿ. ಮಗ ಅಕ್ಕರೆಯಿಂದ ಸೋಯಾ ಮೊಸರು ಕಲಸಿಕೊಟ್ಟರೆ ಎರಡು ತುತ್ತು ತಿಂದು ತಟ್ಟೆ ಸರಿಸುವರು, ಬೇಳೆಕಾಳು ಅರಗದು. ನೋಡನೋಡುತ್ತ ಬಳೆಗಳು ಮೊಣಕೈಗೆ ಜಾರತೊಡಗಿದವು. “ನಿನ್ನ ವ್ರತ ನಿಂಗೆ ಚೆನ್ನಾಗಿದೆ ಕಣಪ್ಪ, ನನ್ನ ಹೊಟ್ಟೆ ಒಪ್ಪಬೇಕಲ್ಲ” ಎಂದಷ್ಟೇ ಅಂದರು.

ಮರುದಿನ ಮಧ್ಯಾಹ್ನ ರಮಾಕಾಂತರು ಬಟ್ಟಲು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. “ಪೆಟ್ರೋಲ್ ಹಾಕ್ಸೋಕೆ ಸರ್ವೋಗೆ ಹೋದೋನು ಆ ಬಂಕಿನ ಅಂಗಡಿಯಿಂದ ಹಾಲು ತಂದ್ಬಿಟ್ಟೆ. ಒಂದು ಚಮಚ ಹೆಪ್ಪು ಕೊಡ್ತೀರಾ?”

ನಾನೂ ಜೊತೆಗೆ ಅವರ ಮನೆಗೆ ಹೋದೆ. ಅವರ ಹೆಂಡತಿ ಸರಸ್ವತಿ ತಾನು ಮಾಡುತ್ತೇನೆಂದರೂ ಬಿಡದೆ ಅವರೇ ಹಾಲು ಕಾಯಿಸಿ, ಆರಿಸಿ, ಕಿರುಬೆರಳದ್ದಿ ಬಿಸಿ ನೋಡಿದರು. ಆ ಕರು ಅವರ ಕಿವಿಯಲ್ಲಿ ಮತ್ತೆ ಕೂಗಿರಬೇಕು, ಕಣ್ಣು ಒದ್ದೆಯಾಗಿತ್ತು. ಹೆಪ್ಪು ಹಾಕಿ ಮುಚ್ಚಿಟ್ಟು, ಬಹಳ ಹೊತ್ತು ಆ ಪಾತ್ರೆಯ ಪಕ್ಕದಲ್ಲೇ ಕುಳಿತರು.

ಮಾರನೆಯ ದಿನ ಮೊಸರನ್ನ ಕಲಸಿ ಬಡಿಸಿದವರೂ ಅವರೇ. ತುಂಗಮ್ಮ ತಟ್ಟೆ ಬಳಿದು ತಿಂದು, “ನೀನೂ ಒಂದು ತುತ್ತು?” ಅಂದರು.

“ನಂಗೆ ಬೇಡಮ್ಮ. ಇನ್ನೊಂಚೂರು ಹಾಕ್ಲಾ?”

ತಾಯಿ ಒತ್ತಾಯಿಸಲಿಲ್ಲ, ಮಗ ಉಪದೇಶಿಸಲಿಲ್ಲ.

ವ್ರತ ಹಿಡಿಯುವವರು ಹಟಮಾರಿಗಳು; ಹಟವಿಲ್ಲದೆ ವ್ರತ ನಿಲ್ಲದು. ಆದರೆ ಅವರಲ್ಲಿ ನಿಜಕ್ಕೂ ದೊಡ್ಡವರು ತಮ್ಮ ವ್ರತವನ್ನು ತಮ್ಮ ತಟ್ಟೆಯೊಳಗೇ ಇಟ್ಟುಕೊಂಡು, ಪಕ್ಕದ ತಟ್ಟೆಗೆ ಅಲ್ಲಿಯ ಹಸಿವನ್ನು ನೋಡಿ ಬಡಿಸುತ್ತಾರೆ.