ಪಾದದ ಕಲ್ಲಿನ ಕೆಳಗೆ

"ಏ ಪೊರಕೆ! ಕೈ ತೆಗಿಯೇ ಅಲ್ಲಿಂದ! ಇನ್ನೊಂದ್ಸಲ ಒಳಗೆ ತೂರಿಸಿದ್ರೆ ಮುರಿದು ಹಾಕ್ತೀನಿ, ದರಿದ್ರ ಮುಂಡೆ!"

ಪೂಜಾರಿಯ ಗಂಟಲು ದೊಡ್ಡದು. ಆಚೆ ಅಂಗಳದಲ್ಲಿ ಫೋಟೋ ತೆಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನೇನೂ ಕದಿಯಲು ಹೋಗಿರಲಿಲ್ಲ. ಯಾರೋ ಬಿಸ್ಕತ್ತು ತಿಂದು ಕಾಗದ ಎಸೆದಿದ್ದರು. ಅದು ಹಾರಿಹೋಗಿ ಪಾದದ ಕಲ್ಲಿನ ಸುತ್ತಲಿನ ಕಂಬಿಯೊಳಗೆ ಬಿದ್ದಿತ್ತು. ಕೈ ಹಾಕಿ ಎತ್ತಿಕೊಳ್ಳುತ್ತಿದ್ದೆ, ಅಷ್ಟೇ.

"ಕಸ ಇತ್ತು ಸ್ವಾಮಿ. ತೆಗೀದೆ ಇದ್ರೂ ನೀವೇ ಬೈತೀರಿ."

"ಕಂಬಿ ಹೊರಗೆ ನಿನ್ ಕೆಲಸ. ಒಳಗಿರೋದು ಪುಣ್ಯಾತ್ಮನ ಜಾಗ. ಅಲ್ಲಿ ಬಿದ್ದಿದ್ದು ಕಸ ಆದ್ರೂ ಪವಿತ್ರವೇ. ನೀನು ಮುಟ್ಟಿದ್ರೆ ಮಾತ್ರ ಮೈಲಿಗೆ. ತಲೆಗೆ ಹೋಯ್ತಾ?"

ಹೋಯಿತು. ಆ ಬಿಸ್ಕತ್ತಿನ ಕಾಗದಕ್ಕೆ ಇದ್ದ ಯೋಗ ನನಗಿರಲಿಲ್ಲ. ಆದರೆ ಆ ಕಂಬಿಯೊಳಗೆ ಮಲಗಿರುವವನು ನನ್ನ ಗಂಡ.

ಇದು ಪೂಜಾರಿಗೆ ಗೊತ್ತಿಲ್ಲ. ದಿನಾ ಬಸ್ಸುಗಟ್ಟಲೆ ಬಂದು ಅವನಿಗೆ ಕೈಮುಗಿಯುವವರಿಗೂ ಗೊತ್ತಿಲ್ಲ. ನನ್ನನ್ನು ಬಿಟ್ಟರೆ ಇಲ್ಲಿ ಗೊತ್ತಿರುವುದು ಕೊಡೆಯಣ್ಣನಿಗೆ ಮಾತ್ರ. ಅವನು ಪ್ರವಾಸಿಗಳನ್ನು ಕರೆದುಕೊಂಡು ಬಂದು ಗುಡಿ ತೋರಿಸುವ ಗೈಡು. ಜನ ಚದುರಿಹೋಗದಿರಲಿ ಎಂದು ಬಿಸಿಲಿರಲಿ ಇಲ್ಲದಿರಲಿ ಒಂದು ಕೆಂಪು ಕೊಡೆ ಎತ್ತಿ ಹಿಡಿದೇ ನಡೆಯುತ್ತಾನೆ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕೊಡೆ. ನನ್ನ ಕೈಯಲ್ಲಿ ಇರುವುದು ಪೊರಕೆ, ಹಾಗಾಗಿ ನಾನು ಪೊರಕೆ.

ಈ ಗುಡಿ ಮೊದಲು ಹೀಗೆ ಮೇಲೆ ಕಾಣುತ್ತಿರಲಿಲ್ಲ. ಒಂದು ದಿಬ್ಬದೊಳಗೆ ಹೂತುಹೋಗಿತ್ತು. ಅಗೆಯಲು ದೊಡ್ಡ ಗುಂಪೇ ಬಂದಿದ್ದೆವು. ಗಂಡಸರು ಅಗೆಯುವುದು, ಹೆಂಗಸರು ಮಣ್ಣು ಹೊರುವುದು. ಕಂಬ ಒಂದೊಂದೇ ಮೇಲೆ ಬರುತ್ತಿದ್ದಾಗ, ಅಗೆಸುತ್ತಿದ್ದ ಸರ್ಕಾರಿ ಸಾಹೇಬ ಅವನ್ನು ತಬ್ಬಿಕೊಳ್ಳುತ್ತಿದ್ದ. ನಿಜ ಹೇಳುತ್ತೇನೆ, ಕಲ್ಲಿಗೆ ಕೆನ್ನೆ ಕೊಟ್ಟು ನಿಲ್ಲುತ್ತಿದ್ದ. ಅವನ ಹೆಂಡತಿ ನೋಡಿದ್ದರೆ ಹೊಟ್ಟೆಕಿಚ್ಚು ಪಡಬೇಕು. ನನ್ನ ಗಂಡ ಅದನ್ನೇ ನಟಿಸಿ ತೋರಿಸಿ, ಗುದ್ದಲಿ ಹಿಡಿಯನ್ನು ತಬ್ಬಿಕೊಂಡು ನಮ್ಮನ್ನೆಲ್ಲ ನಗಿಸುತ್ತಿದ್ದ.

ಕಂದಕದ ಗೋಡೆಗೆ ಮರದ ಆಸರೆ ಕೊಡಿ ಎಂದು ಅವನು ಹೇಳಿದ್ದ. ಮಣ್ಣು ಹಸಿಯಾಗಿದೆ, ಬಿರುಕು ಬಿಟ್ಟಿದೆ ಎಂದು ಬೆರಳಿಟ್ಟು ತೋರಿಸಿದ್ದ.

"ನೀನು ಅಗಿ. ಯೋಚನೆ ಮಾಡೋಕೆ ನಾವಿದ್ದೀವಿ," ಎಂದ ಸಾಹೇಬ.

ಗೋಡೆ ಕುಸಿಯಿತು. ಒಳಗೆ ನನ್ನ ಗಂಡನೂ ಇದ್ದ, ಆಗಷ್ಟೇ ಅರ್ಧ ಮೇಲೆದ್ದಿದ್ದ ಒಂದು ವಿಗ್ರಹವೂ ಇತ್ತು. ಸಾಹೇಬ ಓಡಿ ಬಂದ. ತಲೆಯ ಮೇಲೆ ಕೈ ಹೊತ್ತುಕೊಂಡು, "ವಿಗ್ರಹ! ಅಯ್ಯೋ, ಮೊದ್ಲು ವಿಗ್ರಹ ನೋಡ್ರೋ! ಗುದ್ದಲಿ ತಾಗಿಸಬೇಡ್ರಿ, ಕೈಲಿ ತೆಗೀರಿ!" ಎಂದು ಕಿರುಚಿದ. ಕೈಯಲ್ಲೇ ತೆಗೆದರು. ಮೂಗು ಮುಕ್ಕಾಗದ ಹಾಗೆ, ಬೆರಳು ಮುರಿಯದ ಹಾಗೆ ತೆಗೆದರು. ನಾನು ಅಂಚಿನಲ್ಲಿ ನಿಂತು ಬಡಕೊಳ್ಳುತ್ತಿದ್ದೆ. ಅದು ಮುಗಿದ ಮೇಲೆ ಇವನನ್ನು ತೆಗೆದರು. ಬಾಯಿ ತುಂಬಾ ಮಣ್ಣು.

ಆ ವಿಗ್ರಹ ಈಗ ಗಾಜಿನ ಕೋಣೆಯಲ್ಲಿದೆ. ಅದರ ಮುಂದೆ ನಿಂತು ಕೊಡೆಯಣ್ಣ, "ನೋಡಿ, ಒಂದು ಚೂರೂ ಊನ ಆಗಿಲ್ಲ, ಪವಾಡ!" ಎನ್ನುತ್ತಾನೆ. ನಾನು ಆ ಕೋಣೆಯ ನೆಲ ಒರೆಸುತ್ತೇನೆ, ತಲೆ ಎತ್ತಿ ಅದರ ಮುಖ ನೋಡುವುದಿಲ್ಲ.

ಊರಿನವರು ತಮ್ಮ ಸ್ಮಶಾನಕ್ಕೆ ನಮ್ಮನ್ನು ಬಿಡಲಿಲ್ಲ. ಎಲ್ಲಿಂದಲೋ ಬಂದ ಮಣ್ಣು ಹೊರುವ ಜನ, ನಮ್ಮ ಹಿರಿಯರ ಪಕ್ಕ ಹೇಗೆ ಮಲಗಿಸುವುದು ಎಂದರು. ಸಾಹೇಬ, "ಎಲ್ಲಾದ್ರೂ ಮಾಡ್ಕೊಳ್ಳಿ, ಕತ್ತಲಾಗೋದ್ರೊಳಗೆ ಮುಗೀಬೇಕು, ನನ್ ಕಣ್ಣಿಗೆ ಬೀಳಬಾರದು" ಎಂದ. ನಾವು ಹೊತ್ತು ಸುರಿದ ಮಣ್ಣಿನದೇ ಒಂದು ಗುಡ್ಡೆ ಇತ್ತಲ್ಲ, ಅದರ ಬುಡದಲ್ಲಿ ಹೂತೆವು. ಅಗೆಯುವವರಲ್ಲಿ ಒಂದು ರೂಢಿಯುಂಟು. ಕೆಲಸದಲ್ಲಿ ಸತ್ತವನ ತಲೆಯ ಹತ್ತಿರ, ಸಾಹೇಬರು ಉಪಯೋಗವಿಲ್ಲ ಎಂದು ಬಿಸಾಡಿದ ಕಲ್ಲುಗಳಲ್ಲಿ ಒಂದನ್ನು ಆರಿಸಿ ನೆಡುತ್ತಾರೆ. ಅವನ ಜೊತೆಗಾರರು ಆರಿಸಿದ ಕಲ್ಲಿನಲ್ಲಿ ಎರಡು ಪಾದಗಳಿದ್ದವು, ಅದರ ಮೇಲಿನದೆಲ್ಲ ಮುರಿದುಹೋಗಿತ್ತು.

"ಕಾಲಾದ್ರೂ ಇರ್ಲಿ ಅಕ್ಕ," ಎಂದ ಒಬ್ಬ. "ಬೇಜಾರಾದ್ರೆ ಎದ್ದು ನಡ್ಕೊಂಡ್ ಹೋಗ್ಲಿ." ಅಳುತ್ತಲೇ ನಕ್ಕೆವು.

ಅಗೆತ ಮುಗಿಯಿತು, ಗುಂಪು ಬೇರೆ ಊರಿನ ಬೇರೆ ದಿಬ್ಬಕ್ಕೆ ಹೋಯಿತು. ನಾನು ಹೋಗಲಿಲ್ಲ. ಅವನೊಬ್ಬನನ್ನೇ ಇಲ್ಲಿ ಬಿಟ್ಟು ಹೇಗೆ ಹೋಗಲಿ? ಗುಡಿಸುವ ಕೆಲಸ ಕೇಳಿಕೊಂಡೆ. ಕೂಲಿಯವರಿಗೆಂದು ಕಟ್ಟಿದ್ದ ತಗಡಿನ ಸಾಲಿನಲ್ಲಿ ನನ್ನ ಕೋಣೆ ಒಂದೇ ಬೀಗವಿಲ್ಲದ್ದು, ಉಳಿದವೆಲ್ಲ ಖಾಲಿ. ಸಂಜೆ ಗೋಡೆಯ ಆಚೆ ಯಾರಾದರೂ ಕೆಮ್ಮಲಿ ಎಂದು ಆಸೆಯಾಗುತ್ತದೆ. ಇಲಿ ಓಡಿದರೂ ಏನೋ ಒಂದು ಇದೆಯಲ್ಲ ಎನ್ನಿಸುತ್ತದೆ. ಮಾತಾಡಬೇಕೆನ್ನಿಸಿದರೆ ಮಧ್ಯಾಹ್ನ ಗುಡ್ಡೆಯ ಹತ್ತಿರ ಹೋಗಿ ಅವನ ಪಕ್ಕ ಕೂರುತ್ತಿದ್ದೆ. ಇವತ್ತು ಎಷ್ಟು ಬಸ್ಸು ಬಂತು, ಯಾವ ಹೆಂಗಸು ಚಪ್ಪಲಿ ಕಳಕೊಂಡು ಗೋಳಾಡಿದಳು, ಸಾಹೇಬನ ಹೊಟ್ಟೆ ಎಷ್ಟು ಬೆಳೆದಿದೆ, ಎಲ್ಲ ಹೇಳುತ್ತಿದ್ದೆ. ಬದುಕಿದ್ದಾಗಲೂ ಅವನು ಹೆಚ್ಚು ಉತ್ತರ ಕೊಡುತ್ತಿರಲಿಲ್ಲ ಬಿಡಿ.

ಆಮೇಲೆ ಆ ಗುಡ್ಡೆ ಸಾಹೇಬನ ಕಣ್ಣಿಗೆ ಬಿತ್ತು. ಬಸ್ಸು ನಿಲ್ಲಿಸಲು ಜಾಗ ಸಾಲದು, ಸಮ ಮಾಡಿ ಎಂದ. ಬುಲ್ಡೋಜರ್ ಬಂದು ನಿಂತಿತು. ನಾನು ಕೊಡೆಯಣ್ಣನ ಹತ್ತಿರ ಓಡಿ, ಅಲ್ಲಿ ಮಲಗಿರುವುದು ಯಾರೆಂದು ಹೇಳಿದೆ.

"ಅಣ್ಣಾ, ನಿನ್ನ ಮಾತು ಅಂದ್ರೆ ಜನ ಬಾಯಿ ಬಿಟ್ಕೊಂಡು ಕೇಳ್ತಾರೆ. ಏನಾದ್ರೂ ಮಾಡು. ನಿನ್ನ ಕಾಲಿಗೆ ಬೀಳ್ತೀನಿ."

"ಏಳೇ ಮಾರಾಯ್ತಿ. ನಾನೇನು ಮಾಡ್ಲಿ? ನಂದೇ ಬಿಲ್ಲೆ ಸಾಹೇಬನ ಕೈಲಿದೆ." ಎದೆಯ ಮೇಲಿನ ಗೈಡಿನ ಬಿಲ್ಲೆಯನ್ನು ಮುಟ್ಟಿ ತೋರಿಸಿದ. ಆಮೇಲೆ ನನ್ನ ಜೊತೆ ಗುಡ್ಡೆಯ ಹತ್ತಿರ ಬಂದು ಆ ಪಾದದ ಕಲ್ಲನ್ನು ನೋಡಿದ.

ಅವತ್ತು ಬಂದ ಗುಂಪನ್ನು ನೇರ ಅಲ್ಲಿಗೇ ಕರೆತಂದ. ಸಾಹೇಬನೂ ಅಲ್ಲೇ ಇದ್ದ. ಕೊಡೆಯಣ್ಣ ದನಿ ತಗ್ಗಿಸಿ, ಈ ಇಡೀ ಗುಡಿಯನ್ನು ಕೆತ್ತಿದ ಮಹಾಶಿಲ್ಪಿ ಕೊನೆಗೆ ಮಲಗಿದ್ದು ಇಲ್ಲೇ, ಯಾರೂ ತನ್ನ ಹೆಸರು ಬರೆಯಬಾರದೆಂದು ಬರೀ ತನ್ನ ಪಾದಗಳನ್ನು ಕೆತ್ತಿಟ್ಟು ಕಣ್ಣು ಮುಚ್ಚಿದ ಎಂದ. ಒಬ್ಬ ಮುದುಕಿ ಗಳಗಳನೆ ಅತ್ತುಬಿಟ್ಟಳು. ಇನ್ನೊಬ್ಬಳು ಮುಡಿಯಿಂದ ಹೂ ತೆಗೆದು ಇಟ್ಟಳು. ಸಾಹೇಬನಿಗೆ ಕಥೆ ನಿಜವೋ ಸುಳ್ಳೋ ಬೇಕಾಗಿರಲಿಲ್ಲ, ಜನ ನಿಂತು ನೋಡುತ್ತಿದ್ದಾರೆ ಎನ್ನುವುದು ಕಂಡಿತು. ಬುಲ್ಡೋಜರ್ ಸುತ್ತು ಹಾಕಿಕೊಂಡು ಹೋಯಿತು. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಮೂರ್ಖಳು ನಾನು. ಆ ಖುಷಿ ಎಷ್ಟು ದಿನ? ಹೂವಿನ ಹಿಂದೆ ಹುಂಡಿ ಬಂತು, ಹುಂಡಿಯ ಹಿಂದೆ ಪೂಜಾರಿ ಬಂದ, ಪೂಜಾರಿಯ ಹಿಂದೆ ಕಂಬಿ ಬಂತು. ಒಳಗೆ ಪೂಜಾರಿಯೊಬ್ಬನನ್ನು ಬಿಟ್ಟು ಯಾರೂ ಕಾಲಿಡಬಾರದು, ಅದರಲ್ಲೂ ಚಪ್ಪಲಿ, ಬೂಟು, ಮತ್ತು ನಾನು. ಜನ ಕಂಬಿ ಹಿಡಿದು ನಿಂತು ಮಗು ಕೊಡು, ಮನೆ ಕೊಡು, ಕೇಸು ಗೆಲ್ಲಿಸು ಎಂದು ಬೇಡುತ್ತಾರೆ. ಒಂದು ಬಕೆಟ್ಟು ತಂದುಕೊಡೋ ಎಂದರೆ ಆರು ತಿಂಗಳು ಮರೆತು ಕೂತಿದ್ದವನನ್ನು! ನಗು ಬರುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ. ಅವನ ಜೊತೆ ಎಲ್ಲರೂ ಮಾತಾಡಬಹುದು, ನಾನೊಬ್ಬಳು ಮಾತಾಡುವ ಹಾಗಿಲ್ಲ.

ಬಿಸ್ಕತ್ತಿನ ಕಾಗದಕ್ಕೆ ಬೈಸಿಕೊಂಡ ದಿನವೇ ಕೊಡೆಯಣ್ಣ ನನ್ನನ್ನು ಕಂಬದ ಮರೆಗೆ ಕರೆದ.

"ನಾಳೆ ದೊಡ್ಡೋರು ಬರ್ತಿದಾರೆ. ಇಲ್ಲಿ ಕಲ್ಲಿನ ಮಂಟಪ ಕಟ್ತಾರಂತೆ, ಶಿಲ್ಪೀದು ಆಳೆತ್ತರದ ಮೂರ್ತಿ ನಿಲ್ಲಿಸ್ತಾರಂತೆ. ನಿನ್ನನ್ನ ಆ ಕಡೆ ಬಸ್ ಸ್ಟ್ಯಾಂಡಿನ ಪಾಯಿಖಾನೆಗೆ ಹಾಕ್ತಾರೆ. ಇನ್ಮೇಲೆ ಈ ಕಡೆ ನೀನು ಬರೋ ಹಾಗಿಲ್ಲ."

"ಅವನು?"

"ಅವನು ಅಲ್ಲೇ ಇರ್ತಾನಲ್ಲ. ಮೇಲೆ ಮಂಟಪ ಬರುತ್ತೆ. ರಾಜನ ಹಾಗೆ ಇರ್ತಾನೆ."

"ಯಾವನೋ ಒಬ್ಬ ಶಿಲ್ಪಿ ಇರ್ತಾನೆ. ನನ್ನ ಗಂಡ ಎಲ್ಲಿರ್ತಾನೆ?"

ಕೊಡೆಯಣ್ಣ ನೆಲ ನೋಡಿದ. "ನೋಡಕ್ಕ, ನೀನು ಬಾಯಿ ಬಿಟ್ರೆ ಅದು ಕೂಲಿಯವನ ಗುಂಡಿ. ಅವತ್ತೇ ಬುಲ್ಡೋಜರ್ ಬರುತ್ತೆ. ಸುಮ್ನಿದ್ರೆ ಅವನ ಜಾಗ ಆದ್ರೂ ಉಳಿಯುತ್ತೆ. ನನ್ನ ಹೊಟ್ಟೆ ಮೇಲೂ ಹೊಡೀಬೇಡ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೋಣೆಗೆ ಹೋಗಿ ಒಲೆ ಹಚ್ಚದೆ ಕೂತೆ. ಯಾರನ್ನು ಕೇಳಲಿ? ಕೇಳುತ್ತಿದ್ದವನೊಬ್ಬ ಇದ್ದ, ಅವನ ಸುತ್ತ ಕಂಬಿ ಹಾಕಿದ್ದರು. ಇಷ್ಟು ವರ್ಷದಲ್ಲಿ ಅವತ್ತಿನಷ್ಟು ಒಂಟಿ ಅನ್ನಿಸಿದ್ದಿಲ್ಲ.

ಮಾರನೆಯ ದಿನ ದೊಡ್ಡವರು ಬಂದರು. ಕಂಬಿಯ ಬಾಗಿಲು ತೆರೆದಿತ್ತು. ಒಳಗೆ ಮಂಟಪದ ಗುದ್ದಲಿ ಪೂಜೆಗೆಂದು ಹೊಸ ಗುದ್ದಲಿಯೊಂದನ್ನು ರಿಬ್ಬನ್ ಕಟ್ಟಿ ಇಟ್ಟಿದ್ದರು. ಬೆಳ್ಳಿ ಬಣ್ಣ ಬಳಿದಿದ್ದರು ಅದಕ್ಕೆ. ಜನ ಫೋನು ಎತ್ತಿ ಹಿಡಿದಿದ್ದರು. ದೂಳು ಏಳದ ಹಾಗೆ ನೀರು ಚಿಮುಕಿಸಲು ನನಗೆ ಹೇಳಿದ್ದರು, ಚಿಮುಕಿಸುತ್ತಿದ್ದೆ. ಕೊಡೆಯಣ್ಣ ಕೊಡೆ ಎತ್ತಿ, "ತನ್ನ ಹೆಸರನ್ನೂ ಬಯಸದ ಆ ಮಹಾನುಭಾವ..." ಎಂದು ಶುರುಮಾಡಿದ.

"ಅವನಿಗೆ ಹೆಸರಿತ್ತು," ಎಂದೆ.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಸಾಹೇಬ ತಿರುಗಿದ.

"ಏನೇ ಅದು?"

"ಅಲ್ಲಿರೋದು ನನ್ನ ಗಂಡ. ಶಿಲ್ಪಿಯಲ್ಲ, ಮಣ್ಣು ಅಗಿಯೋನು. ನೀನೇ ಅಲ್ವಾ ಅವತ್ತು ಮೊದ್ಲು ವಿಗ್ರಹ ತೆಗೀರಿ ಅಂದಿದ್ದು? ಅವನನ್ನ ಇಲ್ಲೇ ಹೂತಿದ್ದು. ಕೊಡೆಯಣ್ಣನಿಗೂ ಗೊತ್ತು. ಹೇಳಣ್ಣ, ನೀನೇ ಹೇಳು."

ಎಲ್ಲರೂ ಕೊಡೆಯಣ್ಣನನ್ನು ನೋಡಿದರು. ಅವನು ಸಾಹೇಬನನ್ನು ನೋಡಿದ. ಎದೆಯ ಮೇಲಿನ ಬಿಲ್ಲೆ ಸರಿಮಾಡಿಕೊಂಡ.

"ಪಾಪ, ಗಂಡ ಸತ್ತಾಗಿಂದ ಹೀಗೇ," ಎಂದ ಪ್ರವಾಸಿಗಳ ಕಡೆ ತಿರುಗಿ. "ಒಂಟಿ ಹೆಂಗಸು. ತಲೆ ಸ್ವಲ್ಪ..."

ಜನ ಅಯ್ಯೋ ಪಾಪ ಎಂದರು. ದೊಡ್ಡವರು ಕೂಡ ಪಾಪ ಎನ್ನುವ ಮುಖ ಮಾಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನೀರಿನ ಕೊಡಪಾನ ಕೆಳಗಿಟ್ಟು ಒಳಗೆ ನುಗ್ಗಿದೆ, ರಿಬ್ಬನ್ ಸಮೇತ ಗುದ್ದಲಿ ಎತ್ತಿಕೊಂಡೆ.

"ಏ! ಹಿಡೀರೋ ಆ ಲೌಡೀನ!" ಸಾಹೇಬ ಕೂಗಿದ.

ಕಾವಲಿನವರು ಇಬ್ಬರು ಓಡಿ ಬಂದರು. ಪೂಜಾರಿ ಬಾಗಿಲಿಗೆ ಅಡ್ಡ ನಿಂತು, "ಬೂಟು! ಬೂಟು ಬಿಚ್ರೋ! ಹಾಳು ಮಾಡ್ಬೇಡಿ ಜಾಗಾನ!" ಎಂದು ಅರಚಿದ. ಇಬ್ಬರೂ ಅಲ್ಲೇ ಕುಕ್ಕರಿಸಿ ಬೂಟಿನ ದಾರ ಬಿಚ್ಚತೊಡಗಿದರು. ಪೂಜಾರಿ ತಾನು ಒಳಗೆ ಬರಬಹುದಿತ್ತು, ಆದರೆ ನನ್ನನ್ನು ಮುಟ್ಟಿ ಎಳೆಯುವುದು ಹೇಗೆ? ಒಂದು ಹೆಜ್ಜೆ ಮುಂದಿಡುವುದು, ಒಂದು ಹಿಂದಿಡುವುದು, ಕುಣಿಯುತ್ತಿದ್ದ.

"ನಿಂದೇ ಜಾಗ ಆದ್ರೆ ಬಂದು ಹಿಡ್ಕೊ ಬಾರೋ, ಬೋಳಿಮಗನೆ!" ಎಂದೆ.

ಅಗೆದೆ. ಶಿಲ್ಪಿಗೆಂದು ತಂದ ಗುದ್ದಲಿ ಚೂಪಾಗಿಯೇ ಇತ್ತು. ಮಣ್ಣು ಮೆತ್ತಗಿತ್ತು, ಎಷ್ಟಾದರೂ ಅದು ಸುರಿದ ಮಣ್ಣು, ನಾನೂ ತಲೆಯ ಮೇಲೆ ಹೊತ್ತು ಸುರಿದದ್ದು. ಪಾದದ ಕಲ್ಲು ಪಕ್ಕಕ್ಕೆ ವಾಲಿತು. ಹೂವು, ನಾಣ್ಯ, ಕುಂಕುಮ, ಎಲ್ಲ ಮಣ್ಣಿನ ಜೊತೆ ಆಚೆ ಬಿತ್ತು. ಆ ಸಂಜೆ ಅವಸರದಲ್ಲಿ ಆಳಕ್ಕೆ ಅಗೆದಿರಲಿಲ್ಲ. ಮೊಣಕಾಲಷ್ಟು ಹೋಗುವುದರೊಳಗೆ ಗುದ್ದಲಿಗೆ ಮಣ್ಣಲ್ಲದ್ದೇನೋ ಸಿಕ್ಕಿತು. ಬಗ್ಗಿ ಕೈಯಲ್ಲಿ ಬಳಿದೆ.

ನೀಲಿ ಪ್ಲಾಸ್ಟಿಕ್ ಹಾಳೆ. ಕಂದಕಕ್ಕೆ ಮಳೆ ಬೀಳದಿರಲೆಂದು ಹೊದಿಸುತ್ತಿದ್ದ ತಾಡಪಾಲು. ಸುತ್ತಲು ಬೇರೆ ಬಟ್ಟೆ ಸಿಗದೆ ಅದರಲ್ಲೇ ಸುತ್ತಿದ್ದೆವು. ಬಣ್ಣ ಕೂಡ ಹೋಗಿರಲಿಲ್ಲ.

ಎಲ್ಲರೂ ಕಂಬಿಗೆ ಒತ್ತಿಕೊಂಡು ನೋಡಿದರು. ಒಬ್ಬ ಹೆಂಗಸು ಪಕ್ಕದವಳನ್ನು, "ಆ ಕಾಲದಲ್ಲಿ ಪ್ಲಾಸ್ಟಿಕ್ ಇತ್ತೇನ್ರೀ?" ಎಂದು ಕೇಳಿದಳು. ಪೂಜಾರಿ ಬಾಗಿಲು ಬಿಟ್ಟು ದೂರ ಸರಿದಿದ್ದ. ಸಾಹೇಬ ಫೋನುಗಳ ಮುಂದೆ ಕೈ ಅಡ್ಡ ಹಿಡಿಯುತ್ತ, "ತೆಗೀಬೇಡಿ, ಫೋಟೋ ತೆಗೀಬೇಡಿ" ಎನ್ನುತ್ತಿದ್ದ. ಕಾವಲಿನವನೊಬ್ಬ ಒಂದು ಬೂಟು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ.

ನಾನು ಗುಂಡಿಗೆ ಇಳಿದೆ. ಹಾಳೆಯ ಅಂಚು ಬಿಡಿಸಿಕೊಂಡು ಮೆಲ್ಲಗೆ ಎತ್ತಿ ನೋಡಿದೆ. ಭಾರವೇನಿಲ್ಲ. ಆದರೆ ಒಂದು ಕಡೆಯಿಂದ ಎತ್ತಿದರೆ ಒಳಗಿದ್ದದ್ದು ಇನ್ನೊಂದು ಕಡೆಗೆ ಜಾರುತ್ತಿತ್ತು, ಸದ್ದು ಕೇಳಿಸಿತು. ತಟ್ಟನೆ ಇಳಿಸಿಬಿಟ್ಟೆ.

"ಒಬ್ಬಳ ಕೈಲಿ ಆಗಲ್ಲ," ಎಂದೆ ತಲೆ ಎತ್ತಿ. "ಇಲ್ಲಿ ಬಿಡಲ್ಲ, ಕರ್ಕೊಂಡು ಹೋಗ್ತೀನಿ. ಯಾರಾದ್ರೂ ಬಂದು ಆ ತುದಿ ಹಿಡ್ಕೊಳ್ಳಿ."

ಅಷ್ಟು ಜನ ನಿಂತಿದ್ದರು. ಕೊಡೆಯಣ್ಣ ಎಲ್ಲರಿಗಿಂತ ಹತ್ತಿರದಲ್ಲಿದ್ದ.

"ಅಣ್ಣಾ," ಎಂದೆ.

ಅವನು ಕೊಡೆ ಎತ್ತಿ ಹಿಡಿದು, "ಬನ್ನಿ, ಬನ್ನಿ, ಮುಂದೆ ಕೊಳ ಇದೆ, ಅಲ್ಲಿಗೆ ಹೋಗೋಣ" ಎಂದ. ಕೆಲವರು ಅವನ ಹಿಂದೆ ಹೊರಟರು. ಉಳಿದವರು ಕದಲಲಿಲ್ಲ, ಒಳಗೂ ಬರಲಿಲ್ಲ. ನಾನು ಹಾಳೆಯ ಎರಡೂ ತುದಿಯನ್ನು ನಡುವಿಗೆ ಮಡಚಿ, ನನ್ನ ಸೆರಗು ಬಿಚ್ಚಿ ಕಟ್ಟಲು ಶುರುಮಾಡಿದೆ.